ಬೆಂಕಿ ಬಿದ್ದದ್ದು ಅವರ ಹಡಗಿಗೆ, ದುಡ್ಡು ನಾವೇಕೆ ಕೊಡಬೇಕು?

ಪ್ರಶ್ನೆ: ಕುಂದಾಪುರ ಕಡೆ ನಮ್ಮದೊಂದು ಸಣ್ಣ ಗೇರುಬೀಜ ಕಾರ್ಖಾನೆ ಇದೆ. ಐವರಿ ಕೋಸ್ಟ್‌ನಿಂದ ಮೂರು ಕಂಟೇನರ್ ಕಚ್ಚಾ ಬೀಜ ತರಿಸಿದ್ದೆವು. ಬರುವ ದಾರಿಯಲ್ಲಿ ಹಡಗಿಗೆ ಬೆಂಕಿ ಬಿತ್ತು. ಎರಡು ಕಂಟೇನರಿಗೆ ಏನೂ ಆಗಿಲ್ಲ. ಒಂದಕ್ಕೆ ಬೆಂಕಿ ಆರಿಸುವಾಗ ನೀರು ನುಗ್ಗಿದೆ ಎನ್ನುತ್ತಿದ್ದಾರೆ. ಈಗ ಶಿಪ್ಪಿಂಗ್ ಏಜೆಂಟರ ಪತ್ರ ಬಂದಿದೆ. ‘ಜನರಲ್ ಆವರೇಜ್’ ಘೋಷಣೆಯಾಗಿದೆ, ಬಾಂಡ್ ಮತ್ತು ಗ್ಯಾರಂಟಿ ಕೊಡಿ, ಅಲ್ಲಿಯವರೆಗೆ ಸರಕಿನ ಮೇಲೆ ‘ಲಿಯನ್’ ಇದೆ, ಈ ಪತ್ರ ‘ವಿದೌಟ್ ಪ್ರೆಜುಡಿಸ್’ ಅಂತೆಲ್ಲ ಬರೆದಿದ್ದಾರೆ. ನಷ್ಟ ಆದದ್ದು ನಮಗೆ, ದುಡ್ಡು ಕೇಳುತ್ತಿರುವುದೂ ನಮ್ಮ ಹತ್ತಿರವೇ! ಸ್ನೇಹಿತರೊಬ್ಬರು ‘ಹಡಗನ್ನೇ ಅರೆಸ್ಟ್ ಮಾಡಿಸಿ’ ಎನ್ನುತ್ತಾರೆ. ಹಾಗೆಲ್ಲ ಆಗುತ್ತದಾ ಸರ್? ಈ ಪದಗಳಿಗೆಲ್ಲ ಏನರ್ಥ, ನಾನು ಮೊದಲು ಏನು ಮಾಡಬೇಕು?

ಉತ್ತರ: ಮೊದಲು ಮಾಡಬೇಕಾದದ್ದನ್ನು ಹೇಳಿಬಿಡುತ್ತೇನೆ. ಇವತ್ತೇ ನಿಮ್ಮ ವಿಮಾ ಕಂಪನಿಗೆ ಮೇಲ್ ಹಾಕಿ, ಆ ಪತ್ರವನ್ನೂ ಜೊತೆಗೆ ಕಳಿಸಿ. ಆಮೇಲೆ ಬಿಲ್ ಆಫ್ ಲೇಡಿಂಗ್ (ಸರಕು ಹಡಗಿಗೇರಿದ್ದಕ್ಕೆ ಸಾಗಣೆದಾರರು ಕೊಡುವ ರಸೀದಿ, ಕರಾರೂ ಅದೇ) ತೆಗೆದು ಎದುರಿಗಿಟ್ಟುಕೊಳ್ಳಿ. ಮುಂಭಾಗ, ಹಿಂಭಾಗ ಎರಡೂ ಬೇಕು. ಹಿಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇರುವುದನ್ನು ಯಾರೂ ಓದುವುದಿಲ್ಲ. ನಿಮ್ಮ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಅಲ್ಲೇ ಇದೆ.

ಪತ್ರದಲ್ಲಿರುವ ಪದಗಳ ಅರ್ಥವನ್ನು ಡಿಕ್ಷನರಿಯಲ್ಲಿ ಹುಡುಕಿದರೆ ಜಾಸ್ತಿ ಉಪಯೋಗ ಆಗುವುದಿಲ್ಲ. ಪ್ರತಿ ಪದವೂ ಯಾರಿಗೋ ಒಂದು ಹಕ್ಕು ಕೊಡುತ್ತದೆ, ಆ ಹಕ್ಕಿಗೆ ಒಂದು ಗಡುವು ಇರುತ್ತದೆ. ಇದು ಯಾರ ಹಕ್ಕು, ಯಾವತ್ತಿಗೆ ಮುಗಿಯುತ್ತದೆ ಎಂದು ಕೇಳಿಕೊಳ್ಳುತ್ತಾ ಓದಿ. ಈ ವ್ಯವಹಾರದಲ್ಲಿ ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರಿಗೆ ಕಾನೂನು ಗೊತ್ತಿರಲಿಲ್ಲ ಅಂತಲ್ಲ, ತಾರೀಖು ದಾಟಿಹೋಗಿತ್ತು.

ಈಗ ಜನರಲ್ ಆವರೇಜ್. ಇದು ಬಹಳ ಹಳೆಯ ನಿಯಮ. ರೋಡ್ಸ್ ದ್ವೀಪದ ಸಮುದ್ರ ಕಾನೂನು ಎಂದು ಇದನ್ನು ರೋಮನ್ನರು ತಮ್ಮ ಕಾನೂನು ಗ್ರಂಥದಲ್ಲೇ ಸೇರಿಸಿಕೊಂಡಿದ್ದರು. ಬಿರುಗಾಳಿಯಲ್ಲಿ ಹಡಗು ಹಗುರ ಮಾಡಲು ಒಬ್ಬನ ಸರಕನ್ನು ಸಮುದ್ರಕ್ಕೆ ಎಸೆದರೆ, ಉಳಿದುಕೊಂಡ ಎಲ್ಲರೂ ಸೇರಿ ಅವನ ನಷ್ಟ ತುಂಬಿಕೊಡಬೇಕು. ಅಷ್ಟೇ. ಇವತ್ತು ಇದನ್ನು ಯಾರ್ಕ್-ಆಂಟ್‌ವರ್ಪ್ ನಿಯಮಗಳು ಎಂಬ ಹೆಸರಿನಲ್ಲಿ ಪಾಲಿಸುತ್ತಾರೆ. 1994ರದ್ದು, 2016ರದ್ದು ಎಂದು ಬೇರೆ ಬೇರೆ ಆವೃತ್ತಿಗಳಿವೆ. ನಿಮಗೆ ಯಾವುದು ಅನ್ವಯಿಸುತ್ತದೆ ಎಂಬುದು ಬಿಲ್‌ನ ಹಿಂಭಾಗದಲ್ಲಿ ಬರೆದಿರುತ್ತದೆ.

ಇದಕ್ಕೆ ಶರತ್ತು ಇದೆ. ಹಡಗಿಗೂ ಸರಕಿಗೂ ಒಟ್ಟಿಗೆ ಅಪಾಯ ಇರಬೇಕು. ಆ ಅಪಾಯದಿಂದ ಎಲ್ಲರನ್ನೂ ಪಾರು ಮಾಡಲು ಬೇಕೆಂದೇ, ಅಳತೆ ಮೀರದೆ, ಏನನ್ನಾದರೂ ಬಲಿ ಕೊಟ್ಟಿರಬೇಕು ಅಥವಾ ಖರ್ಚು ಮಾಡಿರಬೇಕು. ಬೆಂಕಿ ಆರಿಸಲು ಸರಕಿಡುವ ಹೋಲ್ಡ್‌ಗೆ ನೀರು ಬಿಟ್ಟರು, ಹಡಗು ಎಳೆಯುವ ಟಗ್ ದೋಣಿ ಕರೆಸಿದರು, ದಾರಿ ಬಿಟ್ಟು ಬೇರೆ ಬಂದರಿಗೆ ಹೋದರು ಅಂದರೆ ಅದೆಲ್ಲ ಈ ಲೆಕ್ಕಕ್ಕೆ ಬರುತ್ತದೆ. ತಾನಾಗಿ ಸುಟ್ಟುಹೋದದ್ದು ಬರುವುದಿಲ್ಲ.

ನಿಮ್ಮ ವಿಷಯದಲ್ಲಿ ಮುಖ್ಯವಾದ ಜಾಗ ಇದೇ. ಯಾರ್ಕ್-ಆಂಟ್‌ವರ್ಪ್ ನಿಯಮಗಳ ಪ್ರಕಾರ ಬೆಂಕಿ ಆರಿಸಲು ಬಳಸಿದ ನೀರಿನಿಂದ ಆದ ಹಾನಿಗೆ ಪರಿಹಾರ ಉಂಟು. ಹೊಗೆಯಿಂದ, ಬೆಂಕಿಯ ಕಾವಿನಿಂದ ಆದ ಹಾನಿಗೆ ಇಲ್ಲ. ಅಂದರೆ ನಿಮ್ಮ ಒದ್ದೆಯಾದ ಕಂಟೇನರ್ ಎಲ್ಲರಿಗೋಸ್ಕರ ಬಲಿಯಾದ ಸರಕು. ನೀವು ದುಡ್ಡು ಕೊಡಬೇಕಾದವರು ಹೌದು. ಆದರೆ ನಿಮಗೂ ದುಡ್ಡು ಬರಬೇಕು! ಏಜೆಂಟರ ಪತ್ರದಲ್ಲಿ ಈ ಎರಡನೇ ಮಾತು ಸಾಮಾನ್ಯವಾಗಿ ಇರುವುದಿಲ್ಲ.

ಲೆಕ್ಕ ಹೀಗೆ ಇರುತ್ತದೆ. ಅಂಕಿಗಳು ಸುಮ್ನೆ ಉದಾಹರಣೆಗೆ. ಹಡಗಿನ ಬೆಲೆ 300 ಕೋಟಿ, ಮೇಲಿದ್ದ ಎಲ್ಲ ಸರಕಿನ ಬೆಲೆ 500 ಕೋಟಿ, ಒಟ್ಟು 800 ಕೋಟಿ. ಎಲ್ಲರನ್ನೂ ಉಳಿಸಲು ಆದ ಖರ್ಚು ಮತ್ತು ಬಲಿಕೊಟ್ಟ ಸರಕಿನ ಬೆಲೆ 64 ಕೋಟಿ. ಆಗ ಒಬ್ಬೊಬ್ಬರ ಪಾಲು ಅವರವರ ಬೆಲೆಯ ಶೇಕಡಾ 8. ನಿಮ್ಮ ಮೂರು ಕಂಟೇನರ್ ಸೇರಿ 60 ಲಕ್ಷ ಎಂದಿಟ್ಟುಕೊಳ್ಳಿ, ನಿಮ್ಮ ಪಾಲು 4.8 ಲಕ್ಷ. ಒದ್ದೆಯಾದ ಕಂಟೇನರಿನಲ್ಲಿ 12 ಲಕ್ಷದ ಹಾನಿ, ಅದು ನೀರಿನದೇ ಹಾನಿ ಎಂದು ಒಪ್ಪಿಗೆಯಾದರೆ ಆ 12 ಲಕ್ಷ ನಿಮ್ಮ ಖಾತೆಗೆ ಜಮೆ. ಕಳೆದರೆ ನಿಮಗೇ 7.2 ಲಕ್ಷ ಬರಬೇಕು. ಹಾನಿಯಾದ 12 ಲಕ್ಷವನ್ನೂ ಸೇರಿಸಿಯೇ 60 ಲಕ್ಷದ ಮೇಲೆ ಪಾಲು ಹಾಕುತ್ತಾರೆ, ಅದು ಸರಿಯೇ. ಪರಿಹಾರ ಪಡೆದವನು ಪಾಲು ಕೊಡದೆ ತಪ್ಪಿಸಿಕೊಂಡರೆ ಬೇರೆಯವರಿಗೆ ಅನ್ಯಾಯ ಅಲ್ವಾ?

ಈ ಲೆಕ್ಕ ಹಾಕುವವರು ಆವರೇಜ್ ಅಡ್ಜಸ್ಟರ್. ಹಡಗಿನ ಮಾಲೀಕರು ಇವರನ್ನು ನೇಮಿಸುತ್ತಾರೆ, ಆದರೂ ಎಲ್ಲರ ಪರವಾಗಿ ನ್ಯಾಯವಾಗಿ ಲೆಕ್ಕ ಮಾಡುವುದು ಅವರ ಕೆಲಸ. ದೊಡ್ಡ ಕಂಟೇನರ್ ಹಡಗಿನಲ್ಲಿ ಸಾವಿರಾರು ಜನರ ಸರಕು ಇರುತ್ತದೆ, ಲೆಕ್ಕ ಮುಗಿಯಲು ವರ್ಷಗಳು ಹಿಡಿಯುತ್ತವೆ. ನೀವು ಕಾಯುತ್ತಾ ಕೂರುವ ಹಾಗಿಲ್ಲ. ನಮ್ಮ ಸರಕಿಗೆ ಇಂಥ ಹಾನಿಯಾಗಿದೆ, ಇದಕ್ಕೆ ಜನರಲ್ ಆವರೇಜ್‌ನಲ್ಲಿ ಪರಿಹಾರ ಬೇಕು ಎಂದು ಅಡ್ಜಸ್ಟರಿಗೆ ಬರಹದಲ್ಲಿ ತಿಳಿಸಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವ ಆವೃತ್ತಿಗಳಲ್ಲಿ, ಆ ಪ್ರಯಾಣ ಮುಗಿದ 12 ತಿಂಗಳೊಳಗೆ. ಇದು ನಿಮ್ಮ ಮೊದಲ ತಾರೀಖು.

ಬಾಂಡ್ ಮತ್ತು ಗ್ಯಾರಂಟಿ ಎರಡೂ ಬೇರೆ ಬೇರೆ. ಬಾಂಡ್‌ಗೆ ಸರಕಿನ ಮಾಲೀಕರಾದ ನೀವು ಸಹಿ ಹಾಕುತ್ತೀರಿ. ಮುಂದೆ ಲೆಕ್ಕವಾದಾಗ ನನ್ನಿಂದ ನ್ಯಾಯವಾಗಿ ಎಷ್ಟು ಬರಬೇಕೋ ಅಷ್ಟು ಕೊಡುತ್ತೇನೆ ಎಂಬ ಮಾತು ಅದು. ಗ್ಯಾರಂಟಿ ಕೊಡುವುದು ವಿಮಾ ಕಂಪನಿ. ವಿಮೆ ಇಲ್ಲದಿದ್ದರೆ ನಗದು ಠೇವಣಿ ಇಡಬೇಕಾಗುತ್ತದೆ, ಅದು ಸರಕಿನ ಬೆಲೆಯ ದೊಡ್ಡ ಪಾಲೇ ಆಗಬಹುದು. ಟಗ್‌ನವರು ‘ನೋ ಕ್ಯೂರ್, ನೋ ಪೇ’ ಕರಾರಿನ ಮೇಲೆ ಹಡಗು ಉಳಿಸಿದ್ದರೆ ಸಾಲ್ವೇಜ್ ಎಂಬ ಇನ್ನೊಂದು ಬೇಡಿಕೆ ಬರುತ್ತದೆ. ಉಳಿಸದೆ ಹೋದರೆ ಕಾಸಿಲ್ಲ, ಉಳಿಸಿದರೆ ಉಳಿದದ್ದರ ಬೆಲೆ ನೋಡಿ ಬಹುಮಾನ ಎಂಬುದು ಆ ಕರಾರು. ಅದಕ್ಕೆ ಬೇರೆ ಭದ್ರತೆ ಕೇಳುತ್ತಾರೆ. ಒಂದೇ ಖರ್ಚಿಗೆ ಎರಡು ಸಲ ಕೇಳುತ್ತಿದ್ದಾರೆ ಎಂದು ಜಗಳಕ್ಕೆ ಹೋಗಬೇಡಿ. ಅವು ಎರಡು ಬೇರೆ ಜನರ ಹಕ್ಕು.

ಲಿಯನ್ ಅಂದರೆ ಸರಕನ್ನು ಹಿಡಿದಿಟ್ಟುಕೊಳ್ಳುವ ಹಕ್ಕು. ಗ್ಯಾರೇಜಿನವನು ಬಿಲ್ ಕಟ್ಟುವ ತನಕ ಬೈಕಿನ ಕೀ ಕೊಡುವುದಿಲ್ಲವಲ್ಲ, ಹಾಗೆ. ಹಡಗಿನವರು ಸರಕನ್ನು ಕೈಬಿಟ್ಟರೆ ಈ ಹಿಡಿತ ಹೋಗುತ್ತದೆ, ಅದಕ್ಕೇ ಡೆಲಿವರಿ ಆರ್ಡರ್ ಕೊಡುವ ಮೊದಲೇ ಭದ್ರತೆ ಕೇಳುವುದು. ಒದ್ದೆ ಬೀಜ ಕಂಟೇನರಿನೊಳಗೆ ಕೂತಷ್ಟೂ ಬೂಷ್ಟು ಹಿಡಿಯುತ್ತದೆ. ಒಳ್ಳೆಯ ಎರಡು ಕಂಟೇನರಿಗೂ ದಿನ ದಿನ ಡಿಮರೇಜ್, ಅಂದರೆ ತಡವಾದದ್ದಕ್ಕೆ ಹಾಕುವ ಶುಲ್ಕ, ಏರುತ್ತದೆ. ಹಾಗಾಗಿ ನನ್ನ ಸಲಹೆ ಸ್ಪಷ್ಟ: ವಾದ ಆಮೇಲೆ ಮಾಡೋಣ, ಮೊದಲು ವಿಮಾ ಕಂಪನಿಯಿಂದ ಗ್ಯಾರಂಟಿ ಕೊಡಿಸಿ ಸರಕು ಬಿಡಿಸಿಕೊಳ್ಳಿ. ಬಾಂಡ್‌ಗೆ ಸಹಿ ಹಾಕಿದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡ ಹಾಗಲ್ಲ. ‘ನ್ಯಾಯವಾಗಿ ಬರಬೇಕಾದದ್ದು’ ಎಂಬ ಮಾತು ಅದರಲ್ಲೇ ಇರುತ್ತದೆ, ಅದು ನಿಮ್ಮನ್ನು ಕಾಯುತ್ತದೆ. ಆ ಮಾತಿಲ್ಲದ ಬಾಂಡ್ ಬಂದರೆ ವಿಮಾ ಕಂಪನಿಯನ್ನು ಕೇಳದೆ ಸಹಿ ಬೇಡ.

ವಿಮೆ ವಿಷಯ. ನೀವು ಸಿಐಎಫ್ (ಸರಕಿನ ಬೆಲೆ, ವಿಮೆ, ಸಾಗಣೆ ಎಲ್ಲ ಸೇರಿದ) ದರದಲ್ಲಿ ಕೊಂಡಿದ್ದರೆ ವಿಮೆ ಮಾಡಿಸಿದವರು ಆಫ್ರಿಕಾದ ಮಾರಾಟಗಾರರು. ಅವರಿಂದ ಪಾಲಿಸಿ ಅಥವಾ ಸರ್ಟಿಫಿಕೇಟಿನ ಮೂಲ ಪ್ರತಿ ಕೇಳಿ. ಸಿಎಫ್‌ಆರ್ (ಬೆಲೆ ಮತ್ತು ಸಾಗಣೆ ಮಾತ್ರ) ಅಥವಾ ಎಫ್‌ಒಬಿ (ಹಡಗಿಗೆ ಏರಿಸುವ ತನಕ ಮಾತ್ರ) ಆದರೆ ನೀವೇ ಮಾಡಿಸಿರಬೇಕು. ಸಾಗಣೆ ವಿಮೆಯಲ್ಲಿ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್ ಎಂಬ ಎ, ಬಿ, ಸಿ ಮೂರು ಬಗೆ ಇವೆ. ಸಿ ಅತಿ ಕಡಿಮೆ ರಕ್ಷಣೆಯದು. ಸಮಾಧಾನದ ವಿಷಯ ಏನೆಂದರೆ, ಸಿ ಇದ್ದರೂ ಜನರಲ್ ಆವರೇಜ್ ಮತ್ತು ಸಾಲ್ವೇಜ್ ಪಾಲು ವಿಮೆಯೊಳಗೆ ಬರುತ್ತದೆ. ನೀರಿನಿಂದ ಬಲಿಯಾದ ಸರಕಿನ ನಷ್ಟವನ್ನೂ ಅಡ್ಜಸ್ಟರ್ ಲೆಕ್ಕ ಮುಗಿಯುವ ತನಕ ಕಾಯದೆ ನೇರ ವಿಮಾ ಕಂಪನಿಯಿಂದ ಕೇಳಬಹುದು. ಅವರು ಕೊಟ್ಟ ಮೇಲೆ ಆ 12 ಲಕ್ಷದ ಜಮೆ ಅವರಿಗೆ ಹೋಗುತ್ತದೆ, ಅದು ಸಹಜ. ಒಂದೇ ತೊಂದರೆ, ಪ್ರೀಮಿಯಂ ಉಳಿಸಲು ಬೆಲೆ ಕಮ್ಮಿ ತೋರಿಸಿದ್ದರೆ ಅವರೂ ಅದೇ ಅನುಪಾತದಲ್ಲಿ ಕಮ್ಮಿ ಕೊಡುತ್ತಾರೆ.

ಇನ್ನೊಂದು ಪದ ಪಾಲಿಸಿಯಲ್ಲಿ ಸಿಗಬಹುದು, ‘ಸ್ಯೂ ಅಂಡ್ ಲೇಬರ್’. ಕೋರ್ಟಿಗೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದೇ ಇಟ್ಟುಕೊಳ್ಳಿ. ನಷ್ಟ ಹೆಚ್ಚಾಗದಂತೆ ತಡೆಯಲು ನೀವು ಮಾಡುವ ಖರ್ಚು ಅದು. ಒದ್ದೆ ಬೀಜವನ್ನು ಅಂಗಳಕ್ಕೆ ಸುರಿದು ಒಣಗಿಸಲು ಕೊಟ್ಟ ಕೂಲಿ, ಬಾಡಿಗೆ ಗೋದಾಮು, ಹೊಸ ಗೋಣಿ ಚೀಲ, ಬೇರೆ ಮಾಡಿ ವಿಂಗಡಿಸಿದ ಖರ್ಚು, ಎಲ್ಲದಕ್ಕೂ ಬಿಲ್ ಇಟ್ಟುಕೊಳ್ಳಿ. ಇನ್ಶೂರೆನ್ಸ್ ಇದೆಯಲ್ಲ ಎಂದು ಬೀಜವನ್ನು ಹಾಗೇ ಬಿಟ್ಟರೆ ಆ ಹೆಚ್ಚುವರಿ ನಷ್ಟ ನಿಮ್ಮ ತಲೆಗೇ ಬರುತ್ತದೆ.

ಇಲ್ಲಿಯವರೆಗೆ ಎಲ್ಲರೂ ಸೇರಿ ಹಂಚಿಕೊಳ್ಳುವ ನಷ್ಟದ ಮಾತಾಯಿತು. ತಪ್ಪು ಹಡಗಿನವರದ್ದೇ ಆಗಿದ್ದರೆ? ಆಗ ಪಾಲು ಕೊಡುವುದನ್ನೇ ನಿರಾಕರಿಸಬಹುದು. 2011ರ ಮೇ ತಿಂಗಳಲ್ಲಿ ಸಿಎಂಎ ಸಿಜಿಎಂ ಲಿಬ್ರಾ ಎಂಬ ಕಂಟೇನರ್ ಹಡಗು ಚೀನಾದ ಶಿಯಾಮೆನ್ ಬಂದರಿನಿಂದ ಹೊರಡುವಾಗ ತಳ ನೆಲಕ್ಕೆ ತಾಗಿ ಸಿಕ್ಕಿಕೊಂಡಿತು. ನಕ್ಷೆಯಲ್ಲಿ ತೋರಿಸಿದ ಆಳವನ್ನು ನಂಬಬೇಡಿ ಎಂಬ ಎಚ್ಚರಿಕೆ ಬಂದಿತ್ತು, ಅದನ್ನು ಪ್ರಯಾಣದ ಯೋಜನೆಯಲ್ಲಿ ಬರೆದುಕೊಂಡಿರಲಿಲ್ಲ. ಸುಮಾರು 1.3 ಕೋಟಿ ಡಾಲರ್ ಜನರಲ್ ಆವರೇಜ್ ಆಯಿತು. ಸರಕಿನವರಲ್ಲಿ ಶೇಕಡಾ 92ರಷ್ಟು ಜನ ಕೊಟ್ಟರು. ಉಳಿದ ಶೇಕಡಾ 8 ಮಂದಿ ಕೊಡಲಿಲ್ಲ. ಕೇಸು ಬ್ರಿಟನ್ನಿನ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2021ರ ನವೆಂಬರಿನಲ್ಲಿ ಕೋರ್ಟ್ ಹೇಳಿದ್ದು: ಯೋಜನೆಯಲ್ಲೇ ದೋಷವಿದ್ದರೆ ಹಡಗು ಹೊರಡುವಾಗಲೇ ಪ್ರಯಾಣಕ್ಕೆ ಯೋಗ್ಯವಾಗಿರಲಿಲ್ಲ, ಸರಕಿನವರು ಪಾಲು ಕೊಡಬೇಕಿಲ್ಲ. ಕೊಡದೇ ನಿಂತವರು ಗೆದ್ದರು. ಈ ಕಥೆಯಿಂದ ಒಂದು ಪದ ಹಿಡಿದಿಟ್ಟುಕೊಳ್ಳಿ: ‘ಅನ್‌ಸೀವರ್ದಿ’, ಅಂದರೆ ಪ್ರಯಾಣಕ್ಕೆ ಯೋಗ್ಯವಲ್ಲದ ಹಡಗು. ಪತ್ರಗಳಲ್ಲಿ ಕಂಡರೆ ಅದು ಬೈಗುಳ ಅಲ್ಲ, ಇಡೀ ಕೇಸಿನ ಬುಡ.

ಯಾಕೆ ಬುಡ ಎಂದೆನೆಂದರೆ, ಉಳಿದ ವಿಷಯಗಳಲ್ಲಿ ಕಾನೂನು ಹಡಗಿನವರ ಕಡೆಗೆ ಸ್ವಲ್ಪ ಜಾಸ್ತಿಯೇ ವಾಲಿದೆ. ಜಗತ್ತಿನ ಹೆಚ್ಚಿನ ಬಿಲ್ ಆಫ್ ಲೇಡಿಂಗ್‌ಗಳು ಹೇಗ್ ಅಥವಾ ಹೇಗ್-ವಿಸ್ಬಿ ಎಂಬ ಅಂತಾರಾಷ್ಟ್ರೀಯ ನಿಯಮಗಳ ಮೇಲೆ ನಿಂತಿವೆ. ಅವುಗಳ ಪ್ರಕಾರ ಕ್ಯಾಪ್ಟನ್ ಹಡಗು ನಡೆಸುವಲ್ಲಿ ಮಾಡಿದ ತಪ್ಪಿಗೆ ಸಾಗಣೆದಾರರು ಸರಕಿನ ನಷ್ಟ ಕೊಡಬೇಕಿಲ್ಲ! ಬೆಂಕಿಗೂ ಕೊಡಬೇಕಿಲ್ಲ, ಅದು ಸಾಗಣೆದಾರರ ಸ್ವಂತ ತಪ್ಪಿನಿಂದ ಆಗಿದ್ದರೆ ಮಾತ್ರ ಕೊಡಬೇಕು. ಕೇಳಿದವರಿಗೆ ಸಿಟ್ಟು ಬರುತ್ತದೆ, ನನಗೂ ಇದು ಇಷ್ಟವಿಲ್ಲ. ಆದರೆ ಹೊರಡುವ ಮೊದಲು ಮತ್ತು ಹೊರಡುವ ಹೊತ್ತಿಗೆ ಹಡಗನ್ನು ಯೋಗ್ಯ ಸ್ಥಿತಿಯಲ್ಲಿಡಲು ತಕ್ಕ ಎಚ್ಚರ ವಹಿಸುವುದು ಅವರ ಹೊಣೆ. ಬೆಂಕಿ ಆರಿಸುವ ಪಂಪ್ ಹೊರಡುವಾಗಲೇ ಕೆಟ್ಟಿತ್ತಾ? ಅಪಾಯಕಾರಿ ಸರಕು ಎಂದು ಗೊತ್ತಿದ್ದೂ ತಪ್ಪು ಜಾಗದಲ್ಲಿ ಪೇರಿಸಿದ್ದರಾ? ಇದು ತಿಳಿಯಲು ತನಿಖಾ ವರದಿ ಬರಬೇಕು. ವಿಮಾ ಕಂಪನಿಯ ವಕೀಲರು ಅದನ್ನೇ ಕಾಯುತ್ತಿರುತ್ತಾರೆ.

ಆಮೇಲೆ ‘ಇನ್‌ಹೆರೆಂಟ್ ವೈಸ್’. ಸರಕಿನ ಗುಣದಿಂದಲೇ ಆದ ಕೇಡು ಎಂದರ್ಥ. ಗೇರುಬೀಜದವರಿಗೆ ಈ ವಾದ ತಪ್ಪಿದ್ದಲ್ಲ. ಬೀಜ ಸರಿಯಾಗಿ ಒಣಗಿರಲಿಲ್ಲ, ಕಂಟೇನರಿನೊಳಗೆ ಬೆವತು ಮೇಲಿಂದ ಹನಿ ಬಿದ್ದಿದೆ, ಬೆಂಕಿಗೂ ಇದಕ್ಕೂ ಸಂಬಂಧ ಇಲ್ಲ ಎನ್ನುತ್ತಾರೆ. ಇದಕ್ಕೆ ಉತ್ತರ ಹಾನಿ ಪರಿಶೀಲಿಸುವ ಸರ್ವೇಯರ್ ಕೈಯಲ್ಲಿದೆ. ಹಡಗಿನಲ್ಲಿ ಬೆಂಕಿಗೆ ಹಾಕುವುದು ಸಾಮಾನ್ಯವಾಗಿ ಸಮುದ್ರದ ನೀರು. ಚೀಲದ ಮೇಲೆ ಸಿಲ್ವರ್ ನೈಟ್ರೇಟ್ ಹಾಕಿದರೆ ಉಪ್ಪು ಇದ್ದಲ್ಲಿ ಬಿಳಿಯಾಗುತ್ತದೆ. ಬೆವತ ನೀರಿಗೆ ಹಾಗಾಗುವುದಿಲ್ಲ. ಎರಡು ನಿಮಿಷದ ಪರೀಕ್ಷೆ, ಇಡೀ ಕೇಸು ಅದರ ಮೇಲೆ ನಿಲ್ಲಬಹುದು. ಹೊಗೆಯ ವಾಸನೆ ಎಷ್ಟು ಚೀಲಕ್ಕೆ, ನೀರು ಎಷ್ಟು ಚೀಲಕ್ಕೆ ಎಂದು ಬೇರೆ ಬೇರೆ ಎಣಿಸಲು ಹೇಳಿ. ಒಂದಕ್ಕೆ ಜನರಲ್ ಆವರೇಜ್ ಪರಿಹಾರ ಇದೆ, ಇನ್ನೊಂದಕ್ಕೆ ಇಲ್ಲ ಎಂದು ಆಗಲೇ ಹೇಳಿದೆನಲ್ಲ. ಲೋಡ್ ಮಾಡುವಾಗಿನ ತೇವಾಂಶದ ಸರ್ಟಿಫಿಕೇಟ್ ಮತ್ತು ಕಟಿಂಗ್ ಟೆಸ್ಟ್ (ಮಾದರಿ ಬೀಜ ಕತ್ತರಿಸಿ ತಿರುಳು ನೋಡುವ ಪರೀಕ್ಷೆ) ವರದಿ ಹುಡುಕಿಡಿ. ಇಲ್ಲಿ ಬಂದ ಮೇಲೆ ಮತ್ತೊಂದು ಕಟಿಂಗ್ ಟೆಸ್ಟ್ ಮಾಡಿಸಿ, ಔಟ್‌ಟರ್ನ್, ಅಂದರೆ ಸಿಗುವ ಒಳ್ಳೆಯ ತಿರುಳು, ಎಷ್ಟು ಕಮ್ಮಿಯಾಗಿದೆ ಎಂಬುದು ನಷ್ಟದ ನಿಜವಾದ ಲೆಕ್ಕ. ಸರ್ವೇಗೆ ಹಡಗಿನ ಏಜೆಂಟರನ್ನೂ ಬರಹದಲ್ಲಿ ಕರೆಯಿರಿ. ಬರದಿದ್ದರೆ ಬಿಡಲಿ, ಕರೆದ ಮೇಲ್ ಇದ್ದರೆ ಸಾಕು.

ಡೆಲಿವರಿ ತೆಗೆದುಕೊಳ್ಳುವಾಗಲೇ ಹಾನಿ ಕಂಡರೆ ಅಲ್ಲೇ ಬರೆದು ಕೊಡಬೇಕು. ಹೊರಗೆ ಕಾಣದ ಹಾನಿಯಾದರೆ 3 ದಿನದೊಳಗೆ. ತಪ್ಪಿದರೆ ಕ್ಲೇಮು ಸತ್ತುಹೋಗುವುದಿಲ್ಲ, ಆದರೆ ಸರಕು ಸರಿಯಾಗಿ ತಲುಪಿತ್ತು ಎಂದು ಮೊದಲಿಗೆ ನಂಬುತ್ತಾರೆ, ಅಲ್ಲ ಎಂದು ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ. ನಿಜವಾಗಿ ಕ್ಲೇಮು ಕೊಲ್ಲುವುದು ಇನ್ನೊಂದು ತಾರೀಖು. ಡೆಲಿವರಿಯಾದ ದಿನದಿಂದ, ಅಥವಾ ಆಗಬೇಕಿದ್ದ ದಿನದಿಂದ, ಒಂದು ವರ್ಷದೊಳಗೆ ದಾವೆ ಹೂಡದಿದ್ದರೆ ಸಾಗಣೆದಾರರ ಹೊಣೆಯೇ ಮುಗಿಯಿತು. ಮೇಲ್ ಬರೆದರೆ ಸಾಲದು, ಮಾತುಕತೆ ನಡೆಯುತ್ತಿದೆ ಎಂದರೂ ಸಾಲದು. ಸಾಮಾನ್ಯ ವ್ಯವಹಾರದ 3 ವರ್ಷದ ಲೆಕ್ಕ ಇಲ್ಲಿಗೆ ತರಬೇಡಿ.

ನಮ್ಮ ದೇಶದ ಸರಕು ಸಾಗಣೆ ಕಾಯ್ದೆಯಲ್ಲೂ ಇದೇ ಒಂದು ವರ್ಷ ಇದೆ. 1925ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಪಾಸಾಯಿತು. ಆದರೆ ಅದು ಭಾರತದ ಬಂದರಿನಿಂದ ಹೊರಡುವ ಸರಕಿಗೆ. ನಿಮ್ಮದು ಒಳಗೆ ಬರುವ ಸರಕು, ಹಾಗಾಗಿ ಬಿಲ್‌ನ ಹಿಂದಿರುವ ‘ಪ್ಯಾರಾಮೌಂಟ್ ಕ್ಲಾಸ್’ ಎಂಬ ಷರತ್ತು ಓದಬೇಕು, ಯಾವ ನಿಯಮ ಎಂದು ಹೇಳುವುದು ಅದು. ಅದರ ಪಕ್ಕದಲ್ಲೇ ‘ಜೂರಿಸ್‌ಡಿಕ್ಷನ್’, ಅಂದರೆ ಕೇಸು ಯಾವ ಕೋರ್ಟಿನಲ್ಲಿ ಎಂಬ ಸಾಲಿರುತ್ತದೆ. ಬಹಳಷ್ಟು ಬಿಲ್‌ಗಳಲ್ಲಿ ಲಂಡನ್ ಹೈಕೋರ್ಟ್ ಎಂದಿರುತ್ತದೆ. ಲಂಡನ್ ಎಂದಿರುವಾಗ ಇಲ್ಲಿ ಹಾಕಿದ ದಾವೆ ಆ ಒಂದು ವರ್ಷದ ಗಡಿಯಾರವನ್ನು ನಿಲ್ಲಿಸದೇ ಹೋಗಬಹುದು. ವರ್ಷ ಮುಗಿಯುವ ಮೊದಲೇ ‘ಟೈಮ್ ಎಕ್ಸ್‌ಟೆನ್ಷನ್’, ಅಂದರೆ ದಾವೆ ಹೂಡಲು ಹೆಚ್ಚಿನ ಕಾಲಾವಕಾಶ, ಕೇಳಿ ಬರಹದಲ್ಲಿ ತೆಗೆದುಕೊಳ್ಳುವುದು ಈ ಕಾರಣಕ್ಕೆ. ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಆದರೆ ಯಾರು ಕೊಟ್ಟರು ಎಂಬುದು ಮುಖ್ಯ.

ಯಾರು ಎಂಬ ಪ್ರಶ್ನೆ ಯಾಕೆ ಬರುತ್ತದೆ ಎಂದರೆ, ಒಂದು ಹಡಗಿನ ಹಿಂದೆ ಎಷ್ಟು ಜನ ಇರುತ್ತಾರೆ ನೋಡಿ. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಯಲ್ಲಿ ಅಡ್ಡಲಾಗಿ ಸಿಕ್ಕಿಕೊಂಡ ಎವರ್ ಗಿವನ್ ನೆನಪಿದೆಯಲ್ಲ? ಮಾಲೀಕರು ಜಪಾನಿನ ಶೋಯಿ ಕಿಸೆನ್. ಹಡಗನ್ನು ಬಾಡಿಗೆಗೆ ಪಡೆದು ಓಡಿಸುತ್ತಿದ್ದದ್ದು, ಅಂದರೆ ಚಾರ್ಟರರ್, ತೈವಾನಿನ ಎವರ್‌ಗ್ರೀನ್. ಹಡಗಿನ ನಿರ್ವಹಣೆ ಜರ್ಮನಿಯ ಮೂಲದ ಕಂಪನಿಯದು. ಧ್ವಜ ಪನಾಮಾದ್ದು. ಮೇಲಿದ್ದ 25 ಸಿಬ್ಬಂದಿ ಎಲ್ಲರೂ ಭಾರತೀಯರು. ಅಲ್ಲೂ ಜನರಲ್ ಆವರೇಜ್ ಘೋಷಣೆಯಾಯಿತು. ಕಾಲುವೆ ಪ್ರಾಧಿಕಾರ ಮೊದಲು 91.6 ಕೋಟಿ ಡಾಲರ್ ಕೇಳಿ, ಆಮೇಲೆ 55 ಕೋಟಿಗೆ ಇಳಿಯಿತು. ಒಪ್ಪಂದವಾಗಿ ಹಡಗು ಬಿಟ್ಟದ್ದು ಜುಲೈ 7ಕ್ಕೆ. ಸಾವಿರಾರು ಕಂಟೇನರ್ ಅಷ್ಟು ದಿನ ಅಲ್ಲೇ ಕಾದವು.

ಇಷ್ಟು ಜನರಲ್ಲಿ ನಿಮ್ಮ ಜೊತೆ ಕರಾರು ಮಾಡಿಕೊಂಡ ‘ಕ್ಯಾರಿಯರ್’, ಅಂದರೆ ಸಾಗಣೆದಾರ, ಯಾರು? ಬಿಲ್‌ನ ಮುಂಭಾಗದಲ್ಲಿ ಸಹಿ ಇರುವ ಜಾಗ ನೋಡಿ. ಸ್ಟಾರ್‌ಸಿನ್ ಎಂಬ ಹಡಗಿನ ಕೇಸಿನಲ್ಲಿ 2003ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಇದನ್ನೇ ತೀರ್ಮಾನಿಸಿತು. ಮುಂಭಾಗದ ಸಹಿ ಚಾರ್ಟರರನ್ನು ಕ್ಯಾರಿಯರ್ ಎಂದಿತ್ತು, ಹಿಂಭಾಗದ ಸಣ್ಣ ಅಕ್ಷರ ಮಾಲೀಕರನ್ನು ಕ್ಯಾರಿಯರ್ ಎಂದಿತ್ತು. ಮುಂಭಾಗದ ಮಾತೇ ಮೇಲು ಎಂದಿತು ಕೋರ್ಟ್. ಸರಕಿನವರ ದುರದೃಷ್ಟ, ಆ ಚಾರ್ಟರರ್ ದಿವಾಳಿಯಾಗಿತ್ತು. ಚಾರ್ಟರರ್ ಕೊಟ್ಟ ಎಕ್ಸ್‌ಟೆನ್ಷನ್ ಹಿಡಿದುಕೊಂಡು ಮಾಲೀಕರ ಮೇಲೆ ದಾವೆ ಹಾಕಲು ಹೋದರೆ, ನಾವು ಕೊಟ್ಟಿಲ್ಲವಲ್ಲ ಎನ್ನುತ್ತಾರೆ. ಸ್ವಲ್ಪ ಅನುಮಾನ ಇದ್ದರೂ ಇಬ್ಬರಿಂದಲೂ ತೆಗೆದುಕೊಳ್ಳಿ. ಪತ್ರಗಳಲ್ಲಿ ‘ಪಿ ಅಂಡ್ ಐ ಕ್ಲಬ್’ ಎಂದು ಕಾಣುವುದು ಹಡಗು ಮಾಲೀಕರು ಒಟ್ಟಾಗಿ ನಡೆಸುವ ವಿಮಾ ಸಂಘ. ಕೊನೆಗೆ ದುಡ್ಡು ಹೆಚ್ಚಾಗಿ ಅಲ್ಲಿಂದಲೇ ಬರುವುದು.

ಪರಿಹಾರಕ್ಕೆ ಮೇಲ್ಮಿತಿ ಇದೆ. ಹೇಗ್-ವಿಸ್ಬಿ ಪ್ರಕಾರ ಒಂದು ಪ್ಯಾಕೇಜಿಗೆ 666.67 ಎಸ್‌ಡಿಆರ್ ಅಥವಾ ಕೆಜಿಗೆ 2 ಎಸ್‌ಡಿಆರ್, ಯಾವುದು ಜಾಸ್ತಿಯೋ ಅದು. ಎಸ್‌ಡಿಆರ್ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ, ಡಾಲರಿಗಿಂತ ಸ್ವಲ್ಪ ಜಾಸ್ತಿ ಬೆಲೆಯದು. ಬಿಲ್‌ನಲ್ಲಿ ‘200 ಚೀಲ’ ಎಂದು ಬರೆದಿದ್ದರೆ 200 ಪ್ಯಾಕೇಜ್. ಸುಮ್ನೆ ‘1 ಕಂಟೇನರ್’ ಎಂದಿದ್ದರೆ ಒಂದೇ ಪ್ಯಾಕೇಜ್, ಆಗ 16 ಟನ್ನಿಗೆ ತೂಕದ ಲೆಕ್ಕದಲ್ಲಿ 32,000 ಎಸ್‌ಡಿಆರ್. ನಿಮ್ಮ ಗೇರುಬೀಜದ ಬೆಲೆ ಅಷ್ಟು ದಾಟುವುದಿಲ್ಲ, ತಲೆಬಿಸಿ ಬೇಡ. ಯಂತ್ರದ ಬಿಡಿಭಾಗ ತರಿಸುವವರು ಮಾತ್ರ ಚೆನ್ನಾಗಿ ನೋಡಿಕೊಳ್ಳಬೇಕು.

ಈಗ ನಿಮ್ಮ ಸ್ನೇಹಿತರ ಮಾತಿಗೆ ಬರೋಣ. ಹೌದು, ಹಡಗನ್ನು ಅರೆಸ್ಟ್ ಮಾಡಿಸಬಹುದು. 2017ರ ಅಡ್ಮಿರಾಲ್ಟಿ ಕಾಯ್ದೆ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಡಿ ಈ ಅಧಿಕಾರ ಇರುವ ಹೈಕೋರ್ಟ್‌ಗಳಲ್ಲಿ ಕರ್ನಾಟಕದ್ದೂ ಒಂದು. ಅದಕ್ಕೆ ಮೊದಲು ನಾವು 1840, 1861ರ ಇಂಗ್ಲಿಷರ ಕಾಯ್ದೆಗಳಲ್ಲೇ ಕಾಲ ಹಾಕುತ್ತಿದ್ದೆವು. ಮರ್ಮಗೋವಾದಿಂದ ಸರಕು ಹೊತ್ತು ಬಿಲ್ ಆಫ್ ಲೇಡಿಂಗ್ ಕೊಡದೆ ಹೋದ ಎಂ.ವಿ. ಎಲಿಸಬೆತ್ ಎಂಬ ವಿದೇಶಿ ಹಡಗನ್ನು ವಿಶಾಖಪಟ್ಟಣದಲ್ಲಿ ಹಿಡಿದಾಗ, ಈ ಅಧಿಕಾರ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ಗೆ ಹೋಯಿತು. 1992ರಲ್ಲಿ, ಇದೆ ಎಂದು ಅದು ಹೇಳಿತು.

ಅರೆಸ್ಟ್ ಎಂದರೆ ಕ್ಯಾಪ್ಟನ್ನನ್ನು ಜೈಲಿಗೆ ಹಾಕುವುದಲ್ಲ. ಇಲ್ಲಿ ಪ್ರತಿವಾದಿಯೇ ಹಡಗು, ಇದಕ್ಕೆ ‘ಇನ್ ರೆಮ್’ ದಾವೆ ಎನ್ನುತ್ತಾರೆ. ಮಾಲೀಕರ ಮೇಲೆ ನೇರ ಹಾಕಿದರೆ ಅದು ‘ಇನ್ ಪರ್ಸೊನಮ್’. ಕೋರ್ಟಿನ ವಾರಂಟ್ ಹಡಗಿಗೆ ಅಂಟಿಸುತ್ತಾರೆ, ಬಂದರಿಗೂ ಕಸ್ಟಮ್ಸ್‌ಗೂ ತಿಳಿಸುತ್ತಾರೆ, ಹೊರಡಲು ಅನುಮತಿ ಸಿಗುವುದಿಲ್ಲ. ಹಡಗು ನಿಂತಷ್ಟು ಹೊತ್ತು ಮಾಲೀಕರಿಗೆ ನಷ್ಟ, ಹಾಗಾಗಿ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಕೊಟ್ಟು ಬಿಡಿಸಿಕೊಳ್ಳುತ್ತಾರೆ. ಆಮೇಲೆ ಕೇಸು ಆ ಭದ್ರತೆಯ ಮೇಲೆ ನಡೆಯುತ್ತದೆ.

ನಿಮ್ಮದೇ ಧಂಧೆಯ ಉದಾಹರಣೆ ಇದೆ. 2025ರ ಮೇ 25ರಂದು ಕೇರಳದ ಕರಾವಳಿಯಾಚೆ ಎಂಎಸ್‌ಸಿ ಎಲ್ಸಾ 3 ಮುಳುಗಿತು, ಅದರಲ್ಲಿ 640 ಕಂಟೇನರ್ ಇದ್ದವು. ಗೇರುಬೀಜ ತರಿಸಿದ್ದ ಒಬ್ಬ ಆಮದುದಾರರು ಕೇರಳ ಹೈಕೋರ್ಟ್‌ಗೆ ಹೋದರು. ಮುಳುಗಿದ ಹಡಗನ್ನು ಅರೆಸ್ಟ್ ಮಾಡಿ ಏನು ಬಂತು? ಅದಕ್ಕೆ ಎಂಎಸ್‌ಸಿ ಮಾನಸ ಎಫ್ ಎಂಬ ಇನ್ನೊಂದು ಹಡಗನ್ನು ವಿಳಿಞ್ಞಂನಲ್ಲಿ ಹಿಡಿಯಲು ಆದೇಶವಾಯಿತು, ಸುಮಾರು 6 ಕೋಟಿ ರೂಪಾಯಿಯ ಭದ್ರತೆಗಾಗಿ. ಇದನ್ನು ‘ಸಿಸ್ಟರ್ ಶಿಪ್’ ಅರೆಸ್ಟ್ ಎನ್ನುತ್ತಾರೆ. ಎರಡೂ ಹಡಗಿನ ಮಾಲೀಕತ್ವ ಒಂದೇ ಎಂದು ತೋರಿಸಬೇಕು, ಅಲ್ಲೇ ಕಷ್ಟ. ಒಂದೊಂದು ಹಡಗನ್ನು ಒಂದೊಂದು ಕಂಪನಿಯ ಹೆಸರಲ್ಲಿ ಇಡುವುದು ಈ ಉದ್ಯಮದಲ್ಲಿ ಮಾಮೂಲು. ಅದೇ ಅಪಘಾತಕ್ಕೆ ಕೇರಳ ಸರ್ಕಾರ 9,531 ಕೋಟಿ ಕೇಳಿ ಎಂಎಸ್‌ಸಿ ಅಕಿಟೆಟಾ 2 ಹಡಗನ್ನು ಹಿಡಿಸಿತು. ಆಮೇಲೆ ಕೋರ್ಟ್ ಭದ್ರತೆಯ ಮೊತ್ತವನ್ನು ಸುಮಾರು 1,227 ಕೋಟಿಗೆ ಇಳಿಸಿತು. ಕೇಳಿದ ಮೊತ್ತ ಬೇರೆ, ಭದ್ರತೆ ಬೇರೆ, ಕೊನೆಗೆ ಕೈಗೆ ಬರುವುದು ಬೇರೆ. ಪೇಪರಿನಲ್ಲಿ ದೊಡ್ಡ ಅಂಕಿ ಓದಿದಾಗ ಇದು ನೆನಪಿರಲಿ.

ನೀವು ಮಾಡಿಸಬೇಕಾ? ನನ್ನ ಪ್ರಕಾರ ಈಗ ಬೇಡ. ವಿಮೆ ಇದೆ, ನಷ್ಟ 12 ಲಕ್ಷದ ಆಸುಪಾಸು. ತಪ್ಪಾಗಿ ಅರೆಸ್ಟ್ ಮಾಡಿಸಿದರೆ ಹಡಗಿನವರ ನಷ್ಟ ಕೊಡುತ್ತೇನೆ ಎಂಬ ಮುಚ್ಚಳಿಕೆಯನ್ನು ಕೋರ್ಟ್ ನಿಮ್ಮಿಂದ ಬರೆಸಿಕೊಳ್ಳಬಹುದು. ಹಡಗನ್ನು ಕೊನೆಗೆ ಮಾರಿದರೂ ಸರಕಿನವರ ಸರದಿ ಹಿಂದೆ. ‘ಮ್ಯಾರಿಟೈಮ್ ಲಿಯನ್’ (ಇದು ಸರಕು ಹಿಡಿದಿಡುವ ಲಿಯನ್ ಅಲ್ಲ, ಹಡಗಿಗೇ ಅಂಟಿಕೊಳ್ಳುವ ಹಕ್ಕು) ಇರುವವರು ಮುಂದೆ, ಅವರಲ್ಲೂ ಮೊದಲು ಸಿಬ್ಬಂದಿಯ ಸಂಬಳ. ಆಮೇಲೆ ಸಾಲ ಕೊಟ್ಟ ಬ್ಯಾಂಕು. ನಿಮ್ಮಂಥವರು ಅದರ ನಂತರ. ಸಿಬ್ಬಂದಿಯನ್ನು ಮುಂದಿಟ್ಟದ್ದು ನ್ಯಾಯವೇ. ಕರಾವಳಿಯ ಎಷ್ಟೋ ಮನೆಯ ಮಕ್ಕಳು ಹಡಗಿನಲ್ಲಿದ್ದಾರೆ. ಅಂಥವರಿಗೆ ಸಂಬಳ ಬಾಕಿ ಇದ್ದರೆ ಹೇಳಿ, ಹಡಗು ಬೇರೆಯವರಿಗೆ ಮಾರಾಟವಾದರೂ ಆ ಹಕ್ಕು ಹಡಗಿಗೇ ಅಂಟಿಕೊಂಡಿರುತ್ತದೆ, ಬಾಕಿಯಾದ ದಿನದಿಂದ 2 ವರ್ಷ. ಉಳಿದ ಮ್ಯಾರಿಟೈಮ್ ಲಿಯನ್‌ಗಳಿಗೆ ಒಂದೇ ವರ್ಷ.

ಏಜೆಂಟರು ‘ಲಿಮಿಟೇಷನ್’ ಎಂದು ಬರೆದರೆ ಯಾವ ಲಿಮಿಟೇಷನ್ ಎಂದು ಕೇಳಿ. ಒಂದು ದಾವೆಯ ಕಾಲಮಿತಿ. ಇನ್ನೊಂದು, ಹಡಗಿನ ಗಾತ್ರಕ್ಕೆ ತಕ್ಕ ಹಾಗೆ ಮಾಲೀಕರ ಒಟ್ಟು ಹೊಣೆಗೆ ಹಾಕುವ ಮಿತಿ. ದೊಡ್ಡ ಅಪಘಾತದಲ್ಲಿ ಮಾಲೀಕರು ಅಷ್ಟು ಮೊತ್ತವನ್ನು ಕೋರ್ಟಿನಲ್ಲಿಟ್ಟು ‘ಎಲ್ಲರೂ ಇದರಲ್ಲೇ ಹಂಚಿಕೊಳ್ಳಿ’ ಎನ್ನಬಹುದು. ಆಗ ಆ ನಿಧಿಗೆ ಕ್ಲೇಮು ಸಲ್ಲಿಸಲು ಕೋರ್ಟ್ ಬೇರೆ ಗಡುವು ಕೊಡುತ್ತದೆ.

‘ವಿದೌಟ್ ಪ್ರೆಜುಡಿಸ್’ಗೆ ಹೆದರಬೇಡಿ. ರಾಜಿ ಮಾತುಕತೆಯಲ್ಲಿ ಹೇಳಿದ್ದನ್ನು ಮುಂದೆ ಕೋರ್ಟಿನಲ್ಲಿ ತಪ್ಪೊಪ್ಪಿಗೆಯಾಗಿ ತೋರಿಸಬಾರದು ಎಂಬ ರಕ್ಷಣೆ ಅದು. ನೀವೂ ರಾಜಿ ಪತ್ರದಲ್ಲಿ ಹಾಕಿ. ಆದರೆ ಹಾನಿಯ ನೋಟಿಸಿನಲ್ಲಿ ಮತ್ತು ಸರ್ವೇಗೆ ಕರೆಯುವ ಪತ್ರದಲ್ಲಿ ಹಾಕಬೇಡಿ. ಅವನ್ನು ನೀವು ಕೋರ್ಟಿಗೆ ತೋರಿಸಲೇಬೇಕಲ್ಲ.

ಕೊನೆಗೆ ಒಂದು ಎಚ್ಚರಿಕೆ. ಏಜೆಂಟರು ಡಿಮರೇಜ್ ಸ್ವಲ್ಪ ಮನ್ನಾ ಮಾಡುತ್ತೇವೆ, ಈ ಕಾಗದಕ್ಕೆ ಸಹಿ ಹಾಕಿ ಎಂದು ಬರಬಹುದು. ಅದರಲ್ಲಿ ‘ಫುಲ್ ಅಂಡ್ ಫೈನಲ್’ ಎಂಬ ಮೂರು ಪದ ಇದ್ದರೆ ಪೆನ್ನು ಮುಚ್ಚಿಡಿ. ವಿಮಾ ಕಂಪನಿ ನಿಮಗೆ ದುಡ್ಡು ಕೊಟ್ಟ ಮೇಲೆ ನಿಮ್ಮ ಜಾಗದಲ್ಲಿ ನಿಂತು ಹಡಗಿನವರಿಂದ ವಸೂಲು ಮಾಡುತ್ತದೆ, ಇದೇ ‘ಸಬ್ರೊಗೇಷನ್’. ನೀವು ಮೊದಲೇ ಹಡಗಿನವರನ್ನು ಋಣಮುಕ್ತ ಮಾಡಿಬಿಟ್ಟರೆ ಅವರಿಗೆ ವಸೂಲು ಮಾಡಲು ಏನೂ ಉಳಿಯುವುದಿಲ್ಲ, ಅದೇ ಕಾರಣ ಹೇಳಿ ನಿಮ್ಮ ಕ್ಲೇಮನ್ನೂ ತಳ್ಳಿಹಾಕಬಹುದು. ಡಿಮರೇಜ್ ಮನ್ನಾ ಬೇಕೆಂದರೆ ಅದಕ್ಕೆ ಮಾತ್ರ ಸೀಮಿತವಾದ ಬೇರೆ ಪತ್ರ ಕೇಳಿ, ಸಹಿ ಹಾಕುವ ಮೊದಲು ವಿಮಾ ಕಂಪನಿಗೆ ಒಂದು ಪ್ರತಿ ಕಳಿಸಿ ಒಪ್ಪಿಗೆ ತರಿಸಿಕೊಳ್ಳಿ.